ಡಾಂಬರು ಮುಗಿಯುವ ಜಾಗ

ಎಪ್ಪತ್ತೆಂಟು ವರ್ಷದ ಮುದುಕಿಯ ಮೇಲೆ ಎರಡು ವರ್ಷ ಹೊಟ್ಟೆಕಿಚ್ಚು ಪಟ್ಟೆ ಎಂದು ಬರೆಯುವಾಗ ಕೈ ಸ್ವಲ್ಪ ಹಿಂಜರಿಯುತ್ತದೆ. ಆದರೆ ಪಟ್ಟದ್ದು ನಿಜ. ಆಕೆಯ ಹತ್ತಿರ ಒಡವೆ ಇರಲಿಲ್ಲ, ಬಂಗಲೆ ಇರಲಿಲ್ಲ. ಒಂದು ಸ್ಕೂಟರ್ ಇತ್ತು. ನಾಲ್ಕು ಚಕ್ರದ್ದು, ಬ್ಯಾಟರಿಯಿಂದ ಓಡುವಂಥದ್ದು, ನಡೆಯಲಾಗದವರು ಕೂತು ಓಡಾಡುವಂಥದ್ದು.

ನನ್ನ ಹತ್ತಿರವೂ ಒಂದಿತ್ತು. ಅದೇ ತೊಂದರೆ. ಏನೂ ಇಲ್ಲದವರಿಗೆ ಅಷ್ಟು ಉರಿಯುವುದಿಲ್ಲ, ಅರ್ಧ ಇದ್ದವರಿಗೇ ಹೊಟ್ಟೆ ಹೆಚ್ಚು ಉರಿಯುತ್ತದೆ.

ಮಗಳು ಹುಟ್ಟಿದ ಮರುವರ್ಷದಿಂದ ನನ್ನ ಕಾಲುಗಳು ನನ್ನ ಮಾತು ಕೇಳುವುದನ್ನು ಕಡಿಮೆ ಮಾಡಿದವು. ನರದ ಕಾಯಿಲೆ. ಒಳ್ಳೆಯ ದಿನ ಕೋಲು ಹಿಡಿದು ನೂರು ಹೆಜ್ಜೆ ಹಾಕುತ್ತೇನೆ, ಕೆಟ್ಟ ದಿನ ಮಂಚದಿಂದ ಬಾತ್‌ರೂಮಿಗೆ ಹೋಗುವುದೇ ಯಾತ್ರೆ. ಆಗ ನಾವು ಜರ್ಮನಿಯ ರೇಗನ್ಸ್‌ಬರ್ಗಿನಲ್ಲಿ ಇದ್ದೆವು. ಗಂಡನೂ ನಾನೂ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗಿನಿಂದ ಹೋಗೋ ಬಾರೋ ಎನ್ನುವಷ್ಟು ಸಲಿಗೆಯವರು, ಇಲ್ಲಿಗೆ ಬಂದು ಕಾರಿನ ಬಿಡಿಭಾಗ ಮಾಡುವ ಕಂಪನಿಗಳಲ್ಲಿ ಕೆಲಸಕ್ಕಿದ್ದವರು. ನನ್ನ ಆರೋಗ್ಯ ವಿಮೆಯ ಕ್ರಾಂಕನ್‌ಕಾಸ್ಸೆ ನನಗೊಂದು ಪುಟ್ಟ ಸ್ಕೂಟರ್ ಕೊಟ್ಟಿತು. ಲಿಫ್ಟಿನೊಳಗೆ ಹೋಗುತ್ತಿತ್ತು, ಸೂಪರ್‌ಮಾರ್ಕೆಟ್ಟಿನ ಹಾಲಿನ ಸಾಲಿಗೂ ಮೊಸರಿನ ಸಾಲಿಗೂ ನಡುವೆ ತಿರುಗುತ್ತಿತ್ತು. ನಾನು ಅದನ್ನು ಪ್ರೀತಿಸುತ್ತಿದ್ದೆ ಎಂದರೂ ತಪ್ಪಿಲ್ಲ.

ಆಮೇಲೆ ಮೆಟ್ಟಿಲಿಲ್ಲದ ಮನೆ ಬೇಕೆಂದು ಊರಿನಿಂದ ಹದಿನೈದು ಕಿಲೋಮೀಟರ್ ದೂರದ ಹಳ್ಳಿಗೆ ಬಂದೆವು. ನೆಲಮಹಡಿಯ ಫ್ಲ್ಯಾಟು, ಮುಂದೆ ಅಂಗೈಯಗಲ ಹುಲ್ಲು. ನಮ್ಮ ಬೀದಿ ಕೊನೆಯ ಮನೆ ದಾಟಿ ಇನ್ನೂರು ಮೀಟರ್ ಹೋಗುತ್ತದೆ. ಅಲ್ಲಿ ಒಂದು ಮರದ ಬೆಂಚು. ಬೆಂಚಿನ ಮುಂದೆ ಡಾಂಬರು ಮುಗಿಯುತ್ತದೆ. ಅಲ್ಲಿಂದ ಜಲ್ಲಿ ಹಾಕಿದ ಹೊಲದ ದಾರಿ, ಎರಡೂ ಕಡೆ ಜೋಳ, ಆಮೇಲೆ ಏರು, ಏರಿನ ಮೇಲೆ ಕಾಡು.

ಬಂದ ಮೊದಲ ಭಾನುವಾರವೇ ಕಾಡಿಗೆ ಹೊರಟೆವು. ಮಗಳಿಗೆ ಆಗ ಐದು ವರ್ಷ, ಮುಂದೆ ಮುಂದೆ ಓಡುತ್ತಿದ್ದಳು. ನನ್ನ ಸ್ಕೂಟರಿನ ಚಕ್ರಗಳು ನಮ್ಮ ಮನೆಯ ದೋಸೆ ಹೆಂಚಿಗಿಂತ ಚಿಕ್ಕವು, ತಳಕ್ಕೂ ನೆಲಕ್ಕೂ ನಡುವೆ ನಾಲ್ಕು ಬೆರಳು. ಜಲ್ಲಿಗಿಳಿದು ಹತ್ತು ಅಡಿ ಹೋಗುವಷ್ಟರಲ್ಲಿ ಮುಂದಿನ ಚಕ್ರ ಹೂತುಕೊಂಡಿತು. ಮೋಟಾರು ನರಳಿತು, ಕೆಂಪು ದೀಪ ಮಿಣುಕಿತು, ನಿಂತೇ ಹೋಯಿತು. ಗಂಡ ಹಿಂದಿನ ಲಿವರ್ ಎತ್ತಿ ಮೋಟಾರು ಬಿಡಿಸಿ, ನನ್ನನ್ನು ಕೂರಿಸಿಕೊಂಡೇ, ಹಟಮಾರಿ ಎಮ್ಮೆಯನ್ನು ಕೊಟ್ಟಿಗೆಗೆ ಎಳೆಯುವ ಹಾಗೆ ಹಿಂದಕ್ಕೆ ಎಳೆದು ಡಾಂಬರಿಗೆ ತಂದ. ಮಗಳು ಬಾಯಿಗೆ ಬೆರಳಿಟ್ಟುಕೊಂಡು ನೋಡಿದಳು.

ಆಗಲೇ ಹಿಂದಿನಿಂದ ಅದು ಬಂತು. ಹಸಿರು ಬಣ್ಣ. ಚಿಕ್ಕ ಟ್ರ್ಯಾಕ್ಟರಿಗಿರುವಂಥ ಹಲ್ಲು ಹಲ್ಲಾದ ದಪ್ಪ ಟೈರುಗಳು, ಸೀಟಿನ ಕೆಳಗೆ ಸ್ಪ್ರಿಂಗು, ಹಿಂದೆ ಹಗ್ಗದಿಂದ ಕಟ್ಟಿದ ಪ್ಲಾಸ್ಟಿಕ್ ಕ್ರೇಟು, ಕ್ರೇಟಿನಲ್ಲಿ ಬುಟ್ಟಿ ಮತ್ತು ಚಾಕು. ಮೇಲೆ ಉಣ್ಣೆ ಟೊಪ್ಪಿಗೆಯ ಒಬ್ಬ ಮುದುಕಿ. "ಗ್ರ್ಯೂಸ್ ಗಾಟ್" ಎಂದು ಇಲ್ಲಿಯ ನಮಸ್ಕಾರ ಹೇಳಿ ತಲೆಯಾಡಿಸಿ, ವೇಗವನ್ನು ಒಂದಿಷ್ಟೂ ತಗ್ಗಿಸದೆ, ಚರಚರ ಎಂದು ಜಲ್ಲಿಯ ಮೇಲೆ ಹೊರಟೇಹೋದಳು. ಡಾಂಬರು ಎಲ್ಲಿ ಮುಗಿಯಿತು ಎನ್ನುವುದು ಆಕೆಗೆ ಗೊತ್ತೇ ಆಗಲಿಲ್ಲ. ನಮ್ಮ ಹುಡುಗಿ ಹಿಂದೆಯೇ ಓಡಿದಳು, ಹುಡುಗಿಯ ಹಿಂದೆ ನನ್ನ ಗಂಡ.

ಹೋಗುವಾಗ ಆತ ನನ್ನ ಕಡೆ ತಿರುಗಿದ. ಆಗ ನಾನು ಹೇಳಿದೆ, "ಪರವಾಗಿಲ್ಲ, ನೀವು ಹೋಗ್ಬನ್ನಿ. ನಾನಿಲ್ಲೇ ಕೂತಿರ್ತೀನಿ."

ಆ ಮಾತನ್ನು ಎಷ್ಟು ಭಾನುವಾರ ಹೇಳಿದೆನೋ ಲೆಕ್ಕವಿಲ್ಲ. ಮುದುಕಿ ಹೊಲದ ದಾರಿಯ ನಡುವೆ ಇರುವ ಹಳೆಯ ರೈತರ ಮನೆಯವಳು. ಹತ್ತು ವರ್ಷದ ಹಿಂದೆ ಗಂಡ ಹೋದ, ಸೊಂಟ ಎರಡು ಸಲ ಮುರಿಯಿತು. ಮಗಳು ಆಕೆಯನ್ನು ಓಮಾ ಎಂದು ಕರೆಯತೊಡಗಿದಳು, ಇಲ್ಲಿ ಅಜ್ಜಿಗೆ ಹಾಗನ್ನುತ್ತಾರೆ. ಆಮೇಲೆ ನಾವೂ ಹಾಗೇ ಕರೆದೆವು. ಭಾನುವಾರ ಊಟವಾದ ಮೇಲೆ ಎಲ್ಲರೂ ಬೆಂಚಿನ ತನಕ ಬರುವುದು, ನಾನು ಪರವಾಗಿಲ್ಲ ಅನ್ನುವುದು, ಮೂವರೂ ಏರು ಹತ್ತಿ ಕಾಡಿನೊಳಗೆ ಮಾಯವಾಗುವುದು. ಹಸಿರು ಸ್ಕೂಟರು, ಅದರ ಕ್ರೇಟು ಹಿಡಿದುಕೊಂಡು ನಡೆಯುವ ನನ್ನ ಮಗಳು, ಪಕ್ಕದಲ್ಲಿ ಕೈ ಬೀಸಿಕೊಂಡು ನನ್ನ ಗಂಡ. ಹಿಂದಿನಿಂದ ನೋಡಿದವರು ಒಂದು ಸಂಸಾರ ಎಂದೇ ತಿಳಿಯಬೇಕು.

ಬೆಂಚಿನ ಪಕ್ಕ ಸ್ಕೂಟರ್ ನಿಲ್ಲಿಸಿಕೊಂಡು ಕೂತು ನಾನು ಏನು ಮಾಡುತ್ತಿದ್ದೆ? ಫೋನ್ ನೋಡುತ್ತಿದ್ದೆ. ನಾಯಿ ಕರೆದುಕೊಂಡು ಬಂದವರಿಗೆ ನಗೆ ಬೀರುತ್ತಿದ್ದೆ. ಮತ್ತೆ ಶಪಿಸುತ್ತಿದ್ದೆ. ಆ ಟೈರು ಪಂಕ್ಚರ್ ಆಗಲಿ ಅಂದುಕೊಳ್ಳುತ್ತಿದ್ದೆ. ಬ್ಯಾಟರಿ ಖಾಲಿಯಾಗಿ ಮುದುಕಿ ನಡುದಾರಿಯಲ್ಲಿ ನಿಲ್ಲಲಿ, ಆಗ ಗೊತ್ತಾಗುತ್ತದೆ ಅಂದುಕೊಳ್ಳುತ್ತಿದ್ದೆ. ಏನು ಗೊತ್ತಾಗಬೇಕಿತ್ತು ಎಂದು ನನಗೂ ತಿಳಿಯದು.

ಒಂದು ದಿನ ಅವರು ಇನ್ನೂ ಹತ್ತು ಮಾರು ಹೋಗಿರಲಿಲ್ಲ, ಗಾಳಿ ನನ್ನ ಕಡೆಗೆ ಬೀಸುತ್ತಿತ್ತು. ಅಮ್ಮ ಯಾಕೆ ಬರುವುದಿಲ್ಲ ಎಂದು ಮಗಳು ಜರ್ಮನ್‌ನಲ್ಲಿ ಕೇಳಿದ್ದು ಕೇಳಿಸಿತು. ನನ್ನ ಗಂಡ, ತನ್ನ ಮೃದು ದನಿಯಲ್ಲಿ, ಹೇಳಿದ. "ಅಮ್ಮಂಗೆ ಅಲ್ಲಿ ಕೂತ್ಕೊಳ್ಳೋದು ಇಷ್ಟ ಪುಟ್ಟಿ."

ಮನೆಗೆ ಬಂದ ಮೇಲೆ ಹಿಡಿದುಕೊಂಡೆ. "ಇಷ್ಟ ಅಂತ ಯಾವನ್ ಹೇಳ್ದ ನಿಂಗೆ?"

"ನೀನೇ ತಾನೆ ಪ್ರತಿ ಸಲ ಪರವಾಗಿಲ್ಲ ಅನ್ನೋದು?"

"ಪರವಾಗಿಲ್ಲ ಅಂದ್ರೆ ಇಷ್ಟ ಅಂತ ಅರ್ಥಾನಾ?"

"ಮತ್ತೆ ಮಗೂಗ್ ಏನ್ ಹೇಳ್ಲಿ? ಅಮ್ಮಂಗೆ ಆಗಲ್ಲ ಅನ್ಲಾ?"

ಉತ್ತರ ಇಲ್ಲದಾಗ ನಾನು ಪಾತ್ರೆ ಕುಕ್ಕುತ್ತೇನೆ. ಅವತ್ತೂ ಕುಕ್ಕಿದೆ.

ಮಗಳು ಕಾಡಿನಿಂದ ತರುತ್ತಿದ್ದದ್ದು ಬರೀ ಅಣಬೆಯಲ್ಲ. ಮಾತು ತರುತ್ತಿದ್ದಳು. ಓಮಾ ಹೇಳಿಕೊಟ್ಟ ಬವೇರಿಯಾದ ಹಳ್ಳಿ ಮಾತು, ಅಣಬೆಗಳ ಹೆಸರು, ಯಾವ ಮರದ ಬುಡದಲ್ಲಿ ಯಾವುದು ಏಳುತ್ತದೆ, ಯಾವುದನ್ನು ಮುಟ್ಟಬಾರದು. ಊಟಕ್ಕೆ ಕೂತರೆ ಓಮಾ ಹೀಗಂದಳು, ಓಮಾ ಹಾಗಂದಳು. ಕೋರ್ಸಿಗೆ ಹೋಗಿ ಪರೀಕ್ಷೆ ಪಾಸು ಮಾಡಿದ ನನ್ನ ಜರ್ಮನ್ ಆ ಮಾತಿನ ಮುಂದೆ ನಿಲ್ಲುತ್ತಿರಲಿಲ್ಲ. ನಾನು ಕೇಳಿದರೆ ಮಗಳು ನಗುತ್ತಾ ನಿಧಾನವಾಗಿ, ಮಗುವಿಗೆ ಹೇಳುವಂತೆ, ಇನ್ನೊಮ್ಮೆ ಹೇಳುತ್ತಿದ್ದಳು. ಹೆತ್ತವಳು ನಾನು, ನನಗೆ ಕಲಿಸುವವಳು ಅವಳು. ಶೂಗೆ ಮೆತ್ತಿದ ಮಣ್ಣಿಗೆಂದು ಮಗಳನ್ನು ಬೈದೆ. ಮಣ್ಣಿನ ಮೇಲಲ್ಲ ಕೋಪ ಎಂದು ಗಂಡನಿಗೆ ತಿಳಿದಿತ್ತು, ಶೂ ತೊಳೆದಿಟ್ಟ.

ಓಮಾ ಕಳಿಸಿದ ಅಣಬೆಯನ್ನು ವಿಷವೋ ಏನೋ ಎಂದು ಒಂದು ವಾರ ಮುಟ್ಟಲಿಲ್ಲ, ಬಿಸಾಡಿದೆ. ಮುಂದಿನ ವಾರ ತೆಂಗಿನಕಾಯಿ, ಒಣಮೆಣಸು ಹಾಕಿ ಪಲ್ಯ ಮಾಡಿದೆ. ಬಹಳ ರುಚಿಯಾಗಿತ್ತು. ಅದಕ್ಕೂ ಕೋಪ ಬಂತು.

ಒಂದು ಸಲ ಆಕೆಯೇ ಬೆಂಚಿನ ಹತ್ತಿರ ನಿಲ್ಲಿಸಿ, ಸೀಟನ್ನು ಪಕ್ಕಕ್ಕೆ ತಿರುಗಿಸಿಕೊಂಡು ಇಳಿಯಹೊರಟಳು. ಆಕೆ ಯಾರಿಗೂ ನೀವು ಅನ್ನುವವಳಲ್ಲ. "ಇವತ್ತು ನೀನು ಹೋಗು," ಅಂದಳು. "ನಾನು ನಿನ್ನ ಬೆಂಚಿನಲ್ಲಿ ಕೂತಿರುತ್ತೇನೆ."

ನಿನ್ನ ಬೆಂಚು! ಅಷ್ಟು ಹೊತ್ತಿಗೆ ಅದು ನನ್ನ ಹೆಸರಿಗೆ ಆಗಿಹೋಗಿತ್ತು. ಪರವಾಗಿಲ್ಲ ಅಂದೆ. ಬಾಯಿ ಒಣಗುವಷ್ಟು ಆಸೆಯಾಗಿತ್ತು, ಆದರೆ ಆಕೆಯ ಕೈಯಿಂದ ಎರವಲು ಬೇಡವಾಗಿತ್ತು. ನನಗೆ ನನ್ನದೇ ಬೇಕಿತ್ತು.

ಎರಡನೆಯ ಚಳಿಗಾಲದಲ್ಲಿ ದಪ್ಪ ಟೈರಿನದಕ್ಕೆಂದು ವಿಮೆಯವರಿಗೆ ಅರ್ಜಿ ಹಾಕಿದೆ. ಕಾರಣವೂ ಸರಿಯಾಗಿಯೇ ಇತ್ತು. ನಮ್ಮ ಮನೆಯಿಂದ ಪಕ್ಕದ ಹಳ್ಳಿಯ ಡಾಕ್ಟರ ಹತ್ತಿರ ಹೋಗಬೇಕಾದರೆ ಒಂದೋ ಲಾರಿಗಳು ಓಡುವ, ಕಾಲುದಾರಿಯಿಲ್ಲದ ದೊಡ್ಡ ರಸ್ತೆ, ಇಲ್ಲವೆಂದರೆ ಆ ಜಲ್ಲಿಯ ದಾರಿಯೇ. ಡಾಕ್ಟರು ಬರೆದುಕೊಟ್ಟರು. ನನ್ನ ಸ್ಥಿತಿ ನೋಡಿಕೊಂಡು ವರದಿ ಬರೆಯಲು ಒಬ್ಬರು ಮನೆಗೆ ಬರುತ್ತಾರೆ ಎಂದು ಕಾಗದ ಬಂತು.

ಮನೆಗೆ ಒಬ್ಬರು ಬರುತ್ತಾರೆ. ನನ್ನ ತಲೆಗೆ ಹೋದದ್ದು ಅಷ್ಟೇ. ಎರಡು ದಿನ ಮೊದಲೇ ಸೋಫಾ ಕವರ್ ಬದಲಾಯಿಸಿದೆವು. ಕಿಟಕಿ ಒರೆಸಿದೆವು. ಆ ದಿನ ಬೆಳಿಗ್ಗೆ ಬೇಗ ಎದ್ದು, ಅಡುಗೆಕಟ್ಟೆಗೆ ಒರಗಿಕೊಂಡು, ಉಪ್ಪಿಟ್ಟು ಕೆದಕಿದೆ, ಕೇಸರಿಬಾತ್ ಮಾಡಿದೆ, ಫಿಲ್ಟರಿಗೆ ಡಿಕಾಕ್ಷನ್ ಹಾಕಿದೆ. ಒಳ್ಳೆಯ ಕುರ್ತಾ ಹಾಕಿಕೊಂಡು ಕುಂಕುಮ ಇಟ್ಟುಕೊಂಡೆ. ಬಂದ ಹೆಂಗಸು ಸೌಮ್ಯವಾಗಿದ್ದರು, ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೇಳಿದರು. ಕುರ್ಚಿಯಿಂದ ಏಳಲು ಆಗುತ್ತದೆಯೇ? ಆಗುತ್ತದೆ ಅಂದೆ. ಮನೆಯೊಳಗೆ ನಡೆಯಲು? ನಿಧಾನವಾಗಿ ಆಗುತ್ತದೆ. ಸ್ನಾನ? ಅಭ್ಯಾಸವಾಗಿದೆ, ತೊಂದರೆಯಿಲ್ಲ. ನಡುವೆ ಎದ್ದೆ. ಹಲ್ಲು ಕಚ್ಚಿಕೊಂಡು, ಕೋಲು ಬಿಟ್ಟು, ಟ್ರೇಯಲ್ಲಿ ಎರಡು ಲೋಟ ಕಾಫಿ ಇಟ್ಟುಕೊಂಡು ಆರು ಹೆಜ್ಜೆ ಹಾಕಿದೆ. ಒಂದು ಹನಿಯೂ ಚೆಲ್ಲಲಿಲ್ಲ. ನನಗೆ ಹೆಮ್ಮೆಯಾಯಿತು. ಆಕೆ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು, ಮಾಡುವುದು ಹೇಗೆಂದು ಕೇಳಿ ಬರೆದುಕೊಂಡರು.

ಆಕೆ ಹೋದ ಮೇಲೆ ಎರಡು ದಿನ ಹಾಸಿಗೆಯಲ್ಲಿದ್ದೆ. ಮೂರು ವಾರದ ಮೇಲೆ ಕಾಗದ ಬಂತು. ಅರ್ಜಿದಾರರು ಮನೆಯೊಳಗೆ ಆಧಾರವಿಲ್ಲದೆ ಓಡಾಡುತ್ತಾರೆ, ವಸ್ತುಗಳನ್ನು ಎತ್ತಿಕೊಂಡು ನಡೆಯುತ್ತಾರೆ, ಅತಿಥಿಗಳಿಗೆ ಬಿಸಿ ಅಡುಗೆ ಮಾಡಿ ಬಡಿಸುತ್ತಾರೆ. ಈಗಿರುವ ಸಾಧನವೇ ಸಾಕು. ನನ್ನ ಉಪ್ಪಿಟ್ಟು ಜರ್ಮನ್ ಕಚೇರಿ ಭಾಷೆಯಲ್ಲಿ, ಮೊಹರಿನ ಕೆಳಗೆ ಕೂತಿತ್ತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಅವರು, ಅನುಭವಿಸಿದ್ದು ಮಾತ್ರ ನಾನು.

"ಟ್ರೇ ಎತ್ಕೊಂಡ್ ಬರೋದ್ ನೋಡಿ ನಂಗೇ ಗಾಬರಿ ಆಯ್ತು," ಅಂದ ಗಂಡ. "ನೀನ್ ಯಾಕ್ ಎದ್ದೆ?"

"ಮನೆಗ್ ಬಂದೋರ್‌ನ ಬಾಯಿಗ್ ಏನೂ ಹಾಕ್ದೆ ಕಳಿಸ್ಲಾ?"

ವಿಷಯ ಮಗಳಿಂದ ಓಮಾಗೆ ಮುಟ್ಟಿತು. ಮರುದಿನವೇ ಹಸಿರು ಸ್ಕೂಟರು ನಮ್ಮ ಹುಲ್ಲಿನ ಮೇಲೆ ಬಂದು, ಗಾಜಿನ ಬಾಗಿಲಿಗೆ ಮೂಗು ತಾಗಿಸಿ ನಿಂತಿತು. ಆಕೆ ಇಳಿಯಲಿಲ್ಲ. ಅಲ್ಲೇ ಕೂತು ಕಾಗದವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು, ಓರೆಯಾಗಿ ತಿರುಗಿಸಿ ತಿರುಗಿಸಿ ಓದಿದಳು. ಹಾಗೆ ಓದುವುದು ನನಗೆ ವಿಚಿತ್ರವೆನಿಸಿತು, ಕೇಳಲಿಲ್ಲ.

"ಯಾಕೆ ಎದ್ದೆ?" ಆಕೆಯದೂ ಅದೇ ಪ್ರಶ್ನೆ.

"ಮನೆಗೆ ಬಂದವರು..."

"ಅವಳೇನು ಬಂಧುವಾ? ಅಳತೆ ತೆಗೆಯೋಕೆ ಬಂದವಳು. ದರ್ಜಿ ಅಳತೆ ತೆಗೆಯುವಾಗ ನೀನು ಹೊಟ್ಟೆ ಒಳಗೆ ಎಳೆದುಕೊಂಡು ನಿಂತರೆ ಬಟ್ಟೆ ಯಾರಿಗೆ ಆಗುತ್ತೆ?"

"ನಿಮಗೆ ಹೇಗೆ ಸಿಕ್ಕಿತು?" ಎಂದೆ. ಎರಡು ವರ್ಷದಿಂದ ಕೇಳಬೇಕೆಂದಿದ್ದ ಪ್ರಶ್ನೆ.

"ಕೂತೇ ಇದ್ದೆ. ಎಲ್ಲಾ ಹೇಳಿದೆ. ಬಚ್ಚಲಲ್ಲಿ ಬಿದ್ದದ್ದು, ಒದ್ದೆಯಲ್ಲಿ ಅರ್ಧ ದಿನ ಬಿದ್ದುಕೊಂಡಿದ್ದದ್ದು. ನನ್ನ ಮನೆ ಹೊಲದ ದಾರಿಯ ನಡುವೆ ಇದೆ, ರೆಕ್ಕೆ ಕೊಡ್ತೀರೋ ಗಾಡಿ ಕೊಡ್ತೀರೋ ಅಂದೆ."

"ನಾಚಿಕೆ ಆಗಲಿಲ್ಲವಾ?"

"ಆಯ್ತು. ಆದರೆ ನಾಚಿಕೆ ಮೇಲೆ ಕೂತು ಕಾಡಿಗೆ ಹೋಗೋಕಾಗುತ್ತಾ?"

ಅಳುವ ಮಗುವಿಗೆ ಹಾಲು ಎಂಬ ಗಾದೆಯನ್ನು ಹುಟ್ಟಿದಾಗಿನಿಂದ ಕೇಳಿದವಳು ನಾನು. ಅದನ್ನು ಮಾಡಿ ತೋರಿಸಿದವಳು ಗಾದೆಯೇ ಗೊತ್ತಿಲ್ಲದ ಈಕೆ. ಆಕೆಯ ಸ್ಕೂಟರಿನ ಮೇಲೆ ಮಾತ್ರ ಇದ್ದ ಹೊಟ್ಟೆಕಿಚ್ಚು ಅವತ್ತಿನಿಂದ ಆಕೆಯ ಬಾಯಿಯ ಮೇಲೂ ಆಯಿತು.

ಆಕ್ಷೇಪಣೆ ಬರೆಯಲು ಒಂದು ತಿಂಗಳ ಅವಕಾಶವಿತ್ತು. ಓಮಾ ಹೇಳಿದಳು, ಗಂಡ ಬರೆದ. ಜಲ್ಲಿಯ ಪಕ್ಕ ಸ್ಕೇಲು ಇಟ್ಟು ಫೋಟೋ ತೆಗೆಸಿದಳು. ನನ್ನ ಪುಟ್ಟ ಚಕ್ರ ಹೂತುಕೊಂಡದ್ದನ್ನೂ ಇನ್ನೊಮ್ಮೆ ಹೂಳಿಸಿ ತೆಗೆಸಿದಳು. ಮೇ ತಿಂಗಳಲ್ಲಿ ಎರಡನೆಯ ಭೇಟಿ ನಿಗದಿಯಾಯಿತು. ಆ ಬೆಳಿಗ್ಗೆ ಆಕೆ ಅರ್ಧ ಗಂಟೆ ಮೊದಲೇ ಬಂದು, ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಸಿಕೊಂಡು ಕೂತಳು. ನನ್ನ ಕೋಲನ್ನು ಕಿತ್ತುಕೊಂಡು ತನ್ನ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.

"ಇವತ್ತು ನೀನು ಏಳೋ ಹಾಗಿಲ್ಲ."

ಈ ಸಲ ಬಂದವರು ಗಂಡಸು. ಅವರು ಕೇಳಿದರು. ನಾನು ಆಗುತ್ತದೆ ಎನ್ನಲು ಬಾಯಿ ತೆರೆದೆ, ಓಮಾ ಕೋಲಿನಿಂದ ನೆಲ ಕುಟ್ಟಿದಳು. ಆಮೇಲೆ ಹೇಳಿದೆ. ಕೆಟ್ಟ ದಿನ ಗೋಡೆ ಹಿಡಿಯದೆ ಬಾತ್‌ರೂಮು ಮುಟ್ಟುವುದಿಲ್ಲ, ಕೆಲವು ಸಲ ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ. ಹೋದ ತಿಂಗಳು ಮಗಳ ಎದುರಿಗೇ ಬಿದ್ದೆ. ಅವಳಿಗೆ ಏಳು ವರ್ಷ. ಅಳಲಿಲ್ಲ, ಹೋಗಿ ದಿಂಬು ತಂದು ನನ್ನ ತಲೆಯ ಕೆಳಗೆ ಇಟ್ಟು, ಅಪ್ಪ ಬರುವ ತನಕ ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಮಾಡಿದಳು. ನನ್ನ ಗಂಡ ನೆಲ ನೋಡುತ್ತಿದ್ದ. ದಿಂಬಿನ ವಿಷಯವನ್ನು ನಾವು ಇಬ್ಬರೂ ಅಲ್ಲಿಯವರೆಗೆ ಒಬ್ಬರಿಗೊಬ್ಬರು ಆಡಿರಲಿಲ್ಲ.

ಮುಕ್ಕಾಲು ಗಂಟೆ ಆ ಮನುಷ್ಯ ಕೂತಿದ್ದರು. ಒಮ್ಮೆ ಕೆಮ್ಮಿದರು. ನನ್ನ ಕೈ ತಾನಾಗಿ ಕುರ್ಚಿಯ ಹಿಡಿ ಒತ್ತಿತು, ಏಳಬೇಕು, ಒಂದು ಲೋಟ ನೀರಾದರೂ ಕೊಡಬೇಕು. ಕೋಲು ಓಮಾ ತೊಡೆಯ ಮೇಲಿತ್ತು. ಅವರೇ ಬ್ಯಾಗಿನಿಂದ ಬಾಟಲಿ ತೆಗೆದು ಕುಡಿದರು. ನನಗೆ ಬಚ್ಚಲಿನ ಮಾತು ಆಡುವಾಗ ಆಗದಷ್ಟು ಅವಮಾನ ಆ ಬಾಟಲಿ ನೋಡಿ ಆಯಿತು. ಸಂಜೆ ಫೋನಿನಲ್ಲಿ ಅಮ್ಮನಿಗೆ ಹೇಳಿದರೆ ಆಕೆ ಸ್ಕೂಟರಿನ ವಿಷಯ ಬಿಟ್ಟು ಅದನ್ನೇ ಹಿಡಿದುಕೊಂಡಳು. "ಒಂದ್ ಲೋಟ ನೀರೂ ಕೊಡ್ಲಿಲ್ವೇನೇ? ನಾವ್ ಹೀಗ್ ಕಲ್ಸಿದ್ವಾ ನಿಂಗೆ?"

ಜೂನ್‌ನಲ್ಲಿ ಓಮಾ ಸ್ಕೂಟರಿನ ಸಮೇತ ಜೋಳದ ಪಕ್ಕದ ಚರಂಡಿಗೆ ಇಳಿದಳು. ಮೊಲ ಅಡ್ಡ ಬಂತು ಅಂದಳು. ಎರಡು ವಾರ ಕಳೆದು ಹಾಡಹಗಲಲ್ಲಿ ನಮ್ಮ ಬೇಲಿಗೇ ಗುದ್ದಿದಳು. ಎಡಗಡೆಯ ಮಡ್‌ಗಾರ್ಡ್ ತಗ್ಗಾಯಿತು. ಬೇಲಿಗೆ ಅಡ್ಡ ಬರುವ ಮೊಲ ಯಾವುದು? ಎರಡೂ ಕಣ್ಣಿನ ನಡುಭಾಗ ಮಸುಕಾಗಿದೆ, ಅಂಚು ಮಾತ್ರ ಕಾಣುತ್ತದೆ ಎಂದು ಡಾಕ್ಟರು ಹೇಳಿದರು. ಗಾಡಿ ಓಡಿಸುವಂತಿಲ್ಲ. ಊರಿನಿಂದ ಆಕೆಯ ಮಗ ಬಂದು ಕೀಲಿ ತೆಗೆದುಕೊಂಡ. ಇಲ್ಲಿ ವಿಮೆಯವರು ಕೊಟ್ಟದ್ದು ನಮ್ಮದಲ್ಲ, ಬಳಸುವ ತನಕ ಮಾತ್ರ. ಬೇಡವಾದ ದಿನ ಸ್ಕೂಟರ್ ಒದಗಿಸುವ ಅಂಗಡಿಯವರ ವ್ಯಾನು ಬಂದು ಎತ್ತಿಕೊಂಡು ಹೋಗುತ್ತದೆ.

ವ್ಯಾನು ಹೋಗುವುದನ್ನು ನಾನು ಕಿಟಕಿಯಿಂದ ನೋಡಿದೆ. ಅಯ್ಯೋ ಪಾಪ ಅನ್ನಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಅನ್ನಿಸಿತು, ಆದರೆ ಎರಡನೆಯದಾಗಿ. ಮೊದಲು ಅನ್ನಿಸಿದ್ದು ಇಷ್ಟು: ಇನ್ನು ಭಾನುವಾರ ಅವಳೂ ಹೋಗುವಂತಿಲ್ಲ.

ಆಗಸ್ಟಿನಲ್ಲಿ ಮಂಜೂರಾತಿಯ ಕಾಗದ ಬಂತು. ಆಕ್ಷೇಪಣೆ ಬರೆಸಿದವಳಿಗೆ ಅದನ್ನು ತೋರಿಸಲು ಧೈರ್ಯ ಬಾರದೆ ಒಂದು ವಾರ ಡ್ರಾಯರಿನಲ್ಲಿಟ್ಟೆ. ಕೊನೆಗೆ ಮಗಳೇ ಓಡಿಹೋಗಿ ಹೇಳಿ ಬಂದಳು. ಓಮಾ ಏನಂದಳು ಎಂದು ಕೇಳಿದೆ. "ಒಳ್ಳೇದು ಅಂದಳು," ಎಂದಳು ಮಗಳು. "ಆಮೇಲೆ ರೇಡಿಯೋ ಹಾಕಿದಳು."

ಆಯುಧಪೂಜೆಗೆ ಎರಡು ದಿನ ಇರುವಾಗ ವ್ಯಾನು ಬಂತು. ಹಿಂದಿನ ಬಾಗಿಲು ತೆಗೆದು ಹಲಗೆ ಇಳಿಬಿಟ್ಟು ವ್ಯಾನಿನವನು ಅದನ್ನು ಕೆಳಗಿಳಿಸಿದ. ಹಸಿರು ಬಣ್ಣ. ದಪ್ಪ ಹಲ್ಲಿನ ಟೈರು. ನಾನು ಎಡಗಡೆಯ ಮಡ್‌ಗಾರ್ಡ್ ನೋಡಿದೆ. ತಗ್ಗು ಹಾಗೇ ಇತ್ತು. ಹಿಂದೆ ಹಗ್ಗ ಉಜ್ಜಿ ಬಣ್ಣ ಹೋದ ಗುರುತೂ ಇತ್ತು.

"ತೊಳೆದಿದ್ದೇವೆ, ಬ್ಯಾಟರಿ ಹೊಸದು, ಬ್ರೇಕ್ ನೋಡಿದ್ದೇವೆ," ಎಂದ ಆತ. "ಚೆನ್ನಾಗಿರುವುದನ್ನು ನಾವು ಎಸೆಯುವುದಿಲ್ಲ. ಹತ್ತಿರದವರಿಗೇ ಕೊಡುತ್ತೇವೆ."

"ಇದು ಓಮಾದು!" ಎಂದು ಮಗಳು ಕೂಗಿದಳು. ನಾನು ಆತ ತೋರಿಸಿದ ಕಡೆ ಸಹಿ ಹಾಕಿದೆ.

ಬೇರೆ ಕೊಡಿ ಎಂದು ಕೇಳಬಹುದಿತ್ತು. ಗಂಡ ಮೆಲ್ಲಗೆ ಹೇಳಿಯೂ ಹೇಳಿದ. ನಾನು ಕೇಳಲಿಲ್ಲ. ನನಗೆ ಬೇಕಾಗಿದ್ದದ್ದು ಇಂಥದೊಂದಲ್ಲ, ಇದೇ ಎಂದು ಅದರ ಸೀಟಿನ ಮೇಲೆ ಕೂತ ಕ್ಷಣ ನನಗೆ ಗೊತ್ತಾಗಿತ್ತು.

ಹಬ್ಬದ ದಿನ ತೊಳೆದು ಅರಿಶಿನ ಕುಂಕುಮ ಹಚ್ಚಿ, ಹಿಂದೆ ಒಂದು ಕ್ರೇಟು ಕಟ್ಟಿ, ಹ್ಯಾಂಡಲಿಗೆ ಸೇವಂತಿಗೆ ಸುತ್ತಿದೆವು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟೆ. ನಿಂಬೆಹಣ್ಣು ಇಡುವುದು ದೃಷ್ಟಿ ಹೋಗಲೆಂದು. ಈ ಗಾಡಿಯ ಮೇಲೆ ಎರಡು ವರ್ಷ ಬಿಟ್ಟೂ ಬಿಡದೆ ದೃಷ್ಟಿ ಹಾಕಿದವಳು ಯಾರು? ಇಂಜಿನಿಯರಿಂಗ್ ಓದಿದ್ದೇನೆ, ಇಂಥದ್ದನ್ನು ನಂಬುವುದಿಲ್ಲ. ಆದರೂ ನಾಲ್ಕು ಸಾಲದೆಂದು ಐದನೆಯದನ್ನು ನಿವಾಳಿಸಿ ಎಸೆದೆ.

ಓಮಾ ರೊಲಾಟರ್ ಎಂಬ ಚಕ್ರದ ವಾಕರ್ ತಳ್ಳಿಕೊಂಡು ನಮ್ಮ ಹುಲ್ಲಿನ ತನಕ ಬಂದಳು. ಕೈ ಚಾಚಿ ಸೀಟು ಮುಟ್ಟಿದಳು, ಹ್ಯಾಂಡಲ್ ಮುಟ್ಟಿದಳು, ಹೂವನ್ನು ಮುಟ್ಟಿ ಹುಬ್ಬೇರಿಸಿದಳು. ಬೆರಳು ಎಡಗಡೆಯ ಮಡ್‌ಗಾರ್ಡಿನ ತಗ್ಗಿಗೆ ಬಂದು ಅಲ್ಲೇ ನಿಂತಿತು.

"ಏರಿನಲ್ಲಿ ಹೆಬ್ಬೆರಳಿನ ಲಿವರ್ ಅರ್ಧಕ್ಕೆ ಬಿಡಬೇಡ," ಅಂದಳು. "ಬಿಟ್ಟರೆ ಸ್ವಲ್ಪ ಹಿಂದಕ್ಕೆ ಜಾರುತ್ತೆ. ನೀನು ಹೆದರಿಕೊಳ್ಳುತ್ತೀಯ."

ಅಷ್ಟೇ ಅಂದದ್ದು. ಕೇಸರಿಬಾತ್ ಕೊಟ್ಟೆ, ಹಾಕಿಸಿಕೊಂಡು ತಿಂದಳು.

ಆ ಭಾನುವಾರ ಊಟವಾದ ಮೇಲೆ ಎಲ್ಲರೂ ಹೊರಟೆವು. ಓಮಾ ರೊಲಾಟರ್ ತಳ್ಳಿಕೊಂಡು ಬೆಂಚಿನ ತನಕ ಬಂದಳು, ಇನ್ನೂರು ಮೀಟರಿಗೆ ನಾಲ್ಕು ಸಲ ನಿಂತಳು. ಬೆಂಚಿನ ಮೇಲೆ ಕೂತು ಟೊಪ್ಪಿಗೆ ಸರಿಮಾಡಿಕೊಂಡಳು. ನನ್ನ ಗಂಡ ಆಕೆಯ ಕಡೆ ನೋಡಿದ, ನನ್ನ ಕಡೆ ನೋಡಿದ.

"ಪರವಾಗಿಲ್ಲ, ನೀವು ಹೋಗಿ ಬನ್ನಿ," ಅಂದಳು ಓಮಾ. "ನಾನಿಲ್ಲೇ ಕೂತಿರ್ತೇನೆ."

ನನ್ನ ಮಾತು. ಭಾಷೆ ಮಾತ್ರ ಆಕೆಯದು. ಅದರ ಬೆಲೆ ಏನು, ಅದನ್ನು ಹೇಳಲು ಬಾಯಿ ಎಷ್ಟು ಕಷ್ಟಪಡುತ್ತದೆ, ಹೇಳಿ ನಗುವಾಗ ಕೆನ್ನೆ ಎಲ್ಲಿ ಎಳೆಯುತ್ತದೆ, ಇಡೀ ಹಳ್ಳಿಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಇಳಿದು ಅವಳ ಪಕ್ಕ ಕೂರಬಹುದಿತ್ತು. ಇವತ್ತೊಂದು ದಿನ ಬೇಡ, ಇಲ್ಲೇ ಕಾಫಿ ಕುಡಿಯೋಣ ಅನ್ನಬಹುದಿತ್ತು. ಲಿವರ್ ಒತ್ತಿದೆ.

ಡಾಂಬರು ಎಲ್ಲಿ ಮುಗಿಯಿತೋ ಗೊತ್ತೇ ಆಗಲಿಲ್ಲ. ಕೆಳಗೆ ಜಲ್ಲಿ ಚರಚರ ಎಂದಿತು, ಸ್ಪ್ರಿಂಗು ನನ್ನನ್ನು ಮೆಲ್ಲಗೆ ಎತ್ತಿ ಇಳಿಸಿತು. ಎರಡೂ ಕಡೆ ಜೋಳ ಕೊಯ್ದಿದ್ದರು. ಮಗಳ ಕೈ ಹಿಂದಿನ ಕ್ರೇಟಿನ ಮೇಲಿತ್ತು, ನನ್ನ ಕ್ರೇಟಿನ ಮೇಲೆ. ನನಗೆ ಕೂಗಬೇಕು ಅನ್ನಿಸುವಷ್ಟು ಸಂತೋಷವಾಯಿತು. ತಿರುಗಿ ನೋಡಲಿಲ್ಲ. ಬೆನ್ನ ಮೇಲೆ ಆಕೆಯ ನೋಟ ಇದೆಯೆಂದು ಗೊತ್ತಿತ್ತು. ಆಕೆಗೆ ಇಷ್ಟು ದೂರ ಕಾಣುವುದಿಲ್ಲ ಎಂಬುದೂ ಗೊತ್ತಿತ್ತು.

"ಅಮ್ಮಾ, ಓಮಾ ಯಾಕೆ ಬರಲ್ಲ?" ಎಂದು ಮಗಳು ಜರ್ಮನ್‌ನಲ್ಲಿ ಕೇಳಿದಳು.

"ಓಮಾಗೆ ಅಲ್ಲಿ ಕೂತ್ಕೊಳ್ಳೋದು ಇಷ್ಟ ಪುಟ್ಟಿ," ಅಂದೆ.

ಪಕ್ಕದಲ್ಲಿ ನಡೆಯುತ್ತಿದ್ದ ಗಂಡ ನಿಂತು ನನ್ನ ಮುಖ ನೋಡಿದ. ನಾನು ದಾರಿ ನೋಡುತ್ತಿದ್ದೆ. ಏರು ಶುರುವಾಗಿತ್ತು, ಲಿವರ್ ಅರ್ಧಕ್ಕೆ ಬಿಡುವಂತಿರಲಿಲ್ಲ.